ಗಾಳಿಯಿಲ್ಲದ ಒಲೆಯ ಮುಂದೆ ಎರಡು ರಾತ್ರಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಮೇ ತಿಂಗಳೆಂದರೆ ಹಗಲಿಗೆ ಹಿತವಾದ ಬಿಸಿಲು, ರಾತ್ರಿಗೆ ಶಿರಸಿಯ ಪುಷ್ಯ ಮಾಸವನ್ನೂ ಮೀರಿಸುವ ಚಳಿ. ಅಂಥ ಒಂದು ಸಂಜೆ, ಸರೋವರದ ದಂಡೆಯ ಸಾರ್ವಜನಿಕ ಕ್ಯಾಂಪ್‌ಗ್ರೌಂಡ್ ಒಂದರಲ್ಲಿ ನಾನು ಮಂಡಿಯೂರಿ ಕುಳಿತು ಹನ್ನೆರಡನೆಯ ಬೆಂಕಿಕಡ್ಡಿಯನ್ನು ಗೀರುತ್ತಿದ್ದಾಗ, ಊರಿನಿಂದ ಬಂದಿದ್ದ ಆಯಿ ಕಂಬಳಿ ಹೊದ್ದುಕೊಂಡೇ ಹತ್ತಿರ ಬಂದು, ಬೆಂಕಿಗುಂಡಿಯ ಕಬ್ಬಿಣದ ಬಳೆಯೊಳಗೆ ಬಗ್ಗಿ ನೋಡಿ, "ಇದ್ಕೆ ಗಾಳಿ ಎಲ್ಲಿಂದ ಬತ್ತು ತಮಾ?" ಎಂದು ಕೇಳಿದಳು. ಇಷ್ಟು ವರ್ಷ ಬೆಂಕಿ ಹೊತ್ತದಿದ್ದಾಗಲೆಲ್ಲ ತಪ್ಪು ನನ್ನದೇ ಎಂದುಕೊಂಡಿದ್ದ ನನಗೆ ಆ ಪ್ರಶ್ನೆಯಿಂದ ದೊಡ್ಡ ಸಮಾಧಾನವಾಯಿತು.

ಇಲ್ಲಿನ ಕ್ಯಾಂಪ್‌ಗ್ರೌಂಡ್ ಎಂದರೆ ಗೋಕರ್ಣದ ಕುಡ್ಲೆ ತೀರದಲ್ಲಿಯೋ ಕಾಳಿ ನದಿಯ ದಂಡೆಯಲ್ಲಿಯೋ ಮನಬಂದ ಕಡೆ ಡೇರೆ ಹೂಡುವಂಥದ್ದಲ್ಲ. ಕಾಡಿನ ನಡುವೆ ಸಂಖ್ಯೆ ಬರೆದ ಜಾಗಗಳಿರುತ್ತವೆ. ಒಂದೊಂದು ಜಾಗಕ್ಕೂ ಕಾರು ನಿಲ್ಲಿಸುವಷ್ಟು ನೆಲ, ಬೆಂಚು ಜೋಡಿಸಿದ ಒಂದು ಮರದ ಮೇಜು, ಬೆಂಕಿ ಹಾಕಲು ಒಂದು ಗುಂಡಿ ಇರುತ್ತವೆ. ನಲ್ಲಿ ಮತ್ತು ಶೌಚಾಲಯ ಎಲ್ಲರಿಗೂ ಸೇರಿದ್ದು. ಒಳ್ಳೆಯ ತಾಣಗಳಲ್ಲಿ ಜಾಗ ಬೇಕೆಂದರೆ ಆರು ತಿಂಗಳು ಮೊದಲೇ ಕಾಯ್ದಿರಿಸಬೇಕಾಗುತ್ತದೆ. ಹಾಗೆ ಕಾಯ್ದಿರಿಸಿದ ಎಷ್ಟೋ ಮಂದಿ ಬರದೆ ಉಳಿದು, ಜಾಗ ಖಾಲಿ ಬಿದ್ದಿರುವುದನ್ನು ಪಕ್ಕದಲ್ಲಿಯೇ ನೋಡಬೇಕಾಗುವುದು ಇಲ್ಲಿನ ಮೊದಲ ಕಿರಿಕಿರಿ.

ಆದರೆ ನನ್ನ ದೂರು ಮುಖ್ಯವಾಗಿ ಆ ಗುಂಡಿಯ ಮೇಲೆ. ನಮಗೆ ಸಿಕ್ಕಿದ್ದು ಎರಡು ಮೊಳ ಅಗಲದ, ಮೊಣಕಾಲಿನವರೆಗೆ ಬರುವ ಉಕ್ಕಿನ ಬಳೆ. ಸುತ್ತಲೂ ಒಂದು ತೂತಿಲ್ಲ, ತಳಕ್ಕೆ ಕಾಂಕ್ರೀಟು. ಮೇಲೆ ಅರ್ಧಭಾಗ ಮುಚ್ಚುವ ಜಾಲರಿಯನ್ನು ಮಡಚಿ ಹಿಂದಕ್ಕೆ ಸರಿಸಬಹುದೆಂಬುದು ಅದನ್ನು ಮಾಡಿದವರ ಉದ್ದೇಶವಾಗಿದ್ದರೂ, ತುಕ್ಕು ಹಿಡಿದು ಅದು ಕದಲುತ್ತಿರಲಿಲ್ಲ. ಬೆಂಕಿ ಒಣ ಎಲೆಗಳ ಮೇಲೆ ಹರಿದು ಕಾಡಿಗೆ ಹತ್ತಬಾರದೆಂದು ಬಳೆ ಹಾಕಿದ್ದಾರೆ ಎಂಬುದು ಸರಿಯೇ, ಆ ಭಯ ಸುಳ್ಳಲ್ಲ. ಆದರೆ ಉರಿಯುವ ಕಟ್ಟಿಗೆಗೆ ಬುಡದಿಂದ ಗಾಳಿ ಬೇಕು, ಬಿಸಿ ಗಾಳಿ ಮೇಲಕ್ಕೆ ಏಳುತ್ತಿದ್ದಂತೆ ಕೆಳಗಿನಿಂದ ತಣ್ಣನೆಯ ಗಾಳಿ ಒಳಗೆ ಬರಬೇಕು ಎಂಬುದನ್ನು ಆ ಬಳೆಯನ್ನು ಬೆಸುಗೆ ಹಾಕಿದವರು ಮರೆತಿದ್ದರು. ಚಳಿ ಕಾಯಿಸಲು ಕುಳಿತವರಿಗೆ ಕೆಂಡದ ಕಾವು ನೇರವಾಗಿ ತಟ್ಟಬೇಕು. ಎತ್ತರದ ಉಕ್ಕಿನ ಗೋಡೆ ಅದನ್ನು ಅಡ್ಡಗಟ್ಟಿದರೆ ಕಾವೆಲ್ಲ ಆಕಾಶಕ್ಕೆ, ಹೊಗೆಯೆಲ್ಲ ಕುಳಿತವರ ಮುಖಕ್ಕೆ. ನಮ್ಮ ಕಾಲುಗಳು ಮರಗಟ್ಟಿದ್ದವು, ಕಣ್ಣುಗಳಲ್ಲಿ ನೀರು ಇಳಿಯುತ್ತಿತ್ತು.

ಆಯಿಗೆ ಇದು ಸಿಟ್ಟು ತರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಬಚ್ಚಲ ಹಂಡೆಯ ಒಲೆ, ಅಡಿಕೆ ಬೇಯಿಸುವ ಒಲೆ, ಆಲೆಮನೆಯ ಕೊಪ್ಪರಿಗೆಯ ಒಲೆ, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಒಲೆ ಕಂಡವಳು ಅವಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ರೂಪಿಸಿದ ಒಲೆಯನ್ನು ನಮ್ಮ ಮನೆಯಲ್ಲಿಯೂ ಕಟ್ಟಿಸಿದ್ದರು. ಕಟ್ಟಿಗೆಯನ್ನು ನೆಲದಿಂದ ಮೇಲೆತ್ತಿ ಹಿಡಿಯುವ ಜಾಲರಿ, ಅದರಡಿಯಿಂದ ಗಾಳಿಗೆ ದಾರಿ, ಹೊಗೆಗೆ ಬೇರೆ ಕೊಳವೆ. ಇಷ್ಟರಿಂದಲೇ ಹೊರೆಗಟ್ಟಲೆ ಕಟ್ಟಿಗೆ ಉಳಿಯುತ್ತಿತ್ತೆಂದು ಅವಳು ಇಂದಿಗೂ ಹೇಳುತ್ತಾಳೆ. ಮನೆಯ ಒಲೆಗೂ ಬಯಲ ಬೆಂಕಿಗೂ ಹೋಲಿಕೆ ಎಲ್ಲಿಯದೆಂದು ಕೇಳಬಹುದು. ಬಳೆಯ ಬುಡದಲ್ಲಿ ನಾಲ್ಕು ತೂತು ಕೊರೆಯಲು, ಗೋಡೆಯನ್ನು ಒಂದು ಗೇಣಿಗೆ ಇಳಿಸಲು ವಿಜ್ಞಾನ ಸಂಸ್ಥೆಯೇನೂ ಬೇಕಿರಲಿಲ್ಲ ಎಂಬುದಷ್ಟೇ ನನ್ನ ಮಾತು. ಗಾಲಿಕುರ್ಚಿಯಲ್ಲಿ ಕುಳಿತವರಿಗೂ ಎಟುಕಲೆಂದು, ಬೆಂಕಿ ಹಾಕುವ ತಳ ನೆಲದಿಂದ ಕನಿಷ್ಠ 9 ಅಂಗುಲ ಎತ್ತರದಲ್ಲಿರಬೇಕೆಂಬ ನಿಯಮ ಇಲ್ಲಿನ ಒಕ್ಕೂಟ ಸರ್ಕಾರದ ತಾಣಗಳಿಗೆ ಇದೆ. ಅಂಥ ಗುಂಡಿಗಳಲ್ಲಿ ನಾನು ಬೆಂಕಿ ಹಾಕಿದ್ದೇನೆ. ಮಂಡಿನೋವಿನವರಿಗೂ ಅವೇ ವಾಸಿ.

ಇನ್ನು ಕಟ್ಟಿಗೆಯ ವಿಷಯ. ಮನೆಯ ಹಿಂದೆ ಎರಡು ವರ್ಷದಿಂದ ಒಣಗಿಸಿಟ್ಟ ಮೇಪಲ್ ತುಂಡುಗಳಿದ್ದರೂ ಅವನ್ನು ನಾವು ಒಯ್ಯಲಿಲ್ಲ, ಒಯ್ಯಲೂಬಾರದು. ಏಷ್ಯಾದಿಂದ ಬಂದ ಪಚ್ಚೆ ಬಣ್ಣದ ಒಂದು ದುಂಬಿಯನ್ನು 2002ರಲ್ಲಿ ಇದೇ ರಾಜ್ಯದ ಡೆಟ್ರಾಯ್ಟ್ ಬಳಿ ಗುರುತಿಸಲಾಯಿತು. ಅದರ ಮರಿಹುಳುಗಳು ಆಶ್ ಮರದ ತೊಗಟೆಯಡಿ ಕೊರೆದು ಕೋಟ್ಯಂತರ ಮರಗಳನ್ನು ಒಣಗಿಸಿವೆ. ತಾನಾಗಿ ಹಾರಿ ಅಷ್ಟು ದೂರ ಹೋಗಲಾರದ ಆ ಕೀಟ ಊರೂರು ಸುತ್ತಿದ್ದು ಬಹುಪಾಲು ಜನರು ಕಾರಿನಲ್ಲಿ ಒಯ್ದ ಸೌದೆಯ ಜೊತೆಗೆ. ಆದ್ದರಿಂದ ಸುಡುವ ಜಾಗದ ಹತ್ತಿರವೇ ಕೊಳ್ಳಿ ಎನ್ನುತ್ತಾರೆ. ನಿಯಮದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಹಸಿ ಸೌದೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಮಾರುವವರ ಬಗ್ಗೆ. ಆಯಿ ಅದರಲ್ಲಿನ ಎರಡು ತುಂಡುಗಳನ್ನು ತೆಗೆದು ಒಂದಕ್ಕೊಂದು ಬಡಿದಳು. ಒಣಗಿದ್ದರೆ ಟಣ್ ಎನ್ನಬೇಕಿತ್ತು; ಒದ್ದೆ ಗೋಡೆಗೆ ಸಗಣಿ ಎಸೆದಂಥ ಸದ್ದು ಬಂತು. ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ಮನೆ ತುಂಬಿಸದವನನ್ನು ನೋಡುವಂತೆ ಅವಳು ನನ್ನನ್ನು ನೋಡಿದಳು.

ಬುಡ ಎತ್ತರಿಸೋಣವೆಂದು ನಾನು ಸರೋವರದ ಅಂಚಿನಿಂದ ಮೂರು ಗುಂಡುಕಲ್ಲುಗಳನ್ನು ಹೊತ್ತು ತಂದಾಗ, ನೀರು ಕುಡಿದ ಕಲ್ಲು ಬೆಂಕಿಯಲ್ಲಿ ಸಿಡಿಯುತ್ತದೆಂದು ಅವಳೇ ತಡೆದಳು. ಹಿಂದಿನವರು ಬಿಟ್ಟುಹೋದ ಬೂದಿಯ ಕೆಸರನ್ನು ಕಾಗದದ ತಟ್ಟೆಯಿಂದ ಗೋರಿ ತೆಗೆದೆವು. ಅದರಲ್ಲಿ ಅರ್ಧ ಸುಟ್ಟ ಬಿಯರ್ ಡಬ್ಬಿಗಳು, ಅಲ್ಯುಮಿನಿಯಂ ಹಾಳೆ, ಯಾರೋ ಪೆಟ್ಟಿಗೆ ಹಲಗೆ ಸುಟ್ಟು ಉಳಿಸಿದ ಹಿಡಿ ತುಂಬ ಮೊಳೆಗಳಿದ್ದವು. ಬಳಿಕ ಆಯಿ ಎರಡು ದಪ್ಪ ತುಂಡುಗಳನ್ನು ದಿಂಬಿನಂತೆ ದೂರ ದೂರ ಇಟ್ಟು, ಅವುಗಳ ಮೇಲೆ ಅಡ್ಡಡ್ಡಲಾಗಿ ಸೀಳಿದ ಸಣ್ಣ ಕಡ್ಡಿಗಳನ್ನು ಸಂದು ಬಿಟ್ಟು ಜೋಡಿಸಿ, ನಡುವಿನ ಪೊಳ್ಳಿನಲ್ಲಿ ಕಾಗದ ತುರುಕಿ ಕಡ್ಡಿ ಗೀರಿದಳು. ಊದುಗೊಳವೆ ಎಲ್ಲಿ ಎಂದಾಗ ಡೇರೆಯ ಹೆಚ್ಚುವರಿ ಅಲ್ಯುಮಿನಿಯಂ ಕೋಲಿನ ಒಂದು ತುಂಡನ್ನು ಕೊಟ್ಟೆ. ಅದು ಬಚ್ಚಲೊಲೆಯ ಊದುಗೊಳವೆಗಿಂತ ಚೆನ್ನಾಗಿದೆ ಎಂದಳು, ಈ ದೇಶದ ಬಗ್ಗೆ ಅವಳು ಆ ದಿನ ಆಡಿದ ಒಂದೇ ಒಳ್ಳೆಯ ಮಾತು ಅದು.

ಉಳಿದ ಕಿರಿಕಿರಿಗಳನ್ನು ನಾನು ಬಹುಮಟ್ಟಿಗೆ ಕ್ಷಮಿಸಿದ್ದೇನೆ. ರಾತ್ರಿ 10ರಿಂದ ಸದ್ದು ಮಾಡಬಾರದೆಂಬ ಫಲಕದ ಕೆಳಗೆಯೇ ಜನರೇಟರ್ ಗುರುಗುಟ್ಟುತ್ತಿತ್ತು; ನಮ್ಮ ಮೇಜು ಮತ್ತು ಡೇರೆಯ ನಡುವೆಯೇ ಶೌಚಾಲಯಕ್ಕೆ ಒಳದಾರಿ ಮಾಡಿಕೊಂಡವರಿದ್ದರು; ಎದುರಿನವರು ತೂಗುಹಾಕಿದ ದೀಪದ ಸರದಿಂದ ನಮ್ಮ ಡೇರೆಯೊಳಗೆ ಪತ್ರಿಕೆ ಓದಬಹುದಿತ್ತು. ಇವೆಲ್ಲ ಮನುಷ್ಯರಿಂದಾಗುವ ತೊಂದರೆ, ಒಂದು ಮಾತು ಹೇಳಿದರೆ ಕೆಲವರಾದರೂ ತಿದ್ದಿಕೊಳ್ಳುತ್ತಾರೆ. ಕಾಂಕ್ರೀಟಿಗೆ ಹೇಳುವುದು ಹೇಗೆ?

ಹೊರಡುವ ಬೆಳಿಗ್ಗೆ ನಿಯಮದಂತೆ ಕೆಂಡಕ್ಕೆ ನೀರು ಸುರಿದು, ಕೋಲಿನಿಂದ ಕಲಕಿ, ಕೈಯಿಟ್ಟು ತಣ್ಣಗಾಯಿತೆಂದು ಖಾತ್ರಿ ಮಾಡಿಕೊಳ್ಳುವ ಕೆಲಸ ನನ್ನದಾಗಿತ್ತು. ಎರಡು ಬಕೆಟ್ ನೀರು ಹಿಡಿಯಿತು. ಇಂಗಲು ಮಣ್ಣಿಲ್ಲದ, ಹರಿಯಲು ತೂತಿಲ್ಲದ ಆ ಬಳೆಯೊಳಗೆ ಕರಿ ನೀರು ನಾಲ್ಕು ಬೆರಳು ನಿಂತು, ಮೇಲೆ ಇದ್ದಿಲು ತೇಲತೊಡಗಿತು. ಬಸಳೆ ಬುಡಕ್ಕೆ ಹಾಕಬಹುದಾಗಿದ್ದ ಬೂದಿ ಎಂದು ಆಯಿ ಗೊಣಗಿದಳು. ಅಷ್ಟರಲ್ಲಿ ಮುಂದಿನ ಕುಟುಂಬದ ಕಾರು ಬಂದು ನಿಂತಿತ್ತು. ನಾವು ತಿರುವಿಗೆ ಬರುವಾಗ ಅವರಲ್ಲೊಬ್ಬರು ಗುಂಡಿಯೊಳಗೆ ಬಗ್ಗಿ ನೋಡುತ್ತಿದ್ದುದು ಕನ್ನಡಿಯಲ್ಲಿ ಕಂಡಿತು.