ಅಂಗವೈಕಲ್ಯದ ಕ್ಲೇಮ್ ರಿಜೆಕ್ಟ್ ಆಗಿದೆ, ಲಾಯರ್ ಹಿಡೀಬೇಕಾ?

ಅಪಘಾತದಲ್ಲಿ ಕೈಯೋ ಕಾಲೋ ಕಣ್ಣೋ ಹೋಗಿ, ವಿಮೆ ಕಂಪನಿ ದುಡ್ಡು ಕೊಡಲ್ಲ ಅಂದಾಗ ದಾವಣಗೆರೆ, ಚಿತ್ರದುರ್ಗದ ಕಡೆಯವರು ಮೊದಲು ಕೇಳುವುದು ಇದನ್ನೇ. ತಕ್ಷಣಕ್ಕೆ ಬೇಡ. ಮೊದಲು ಬೇಕಾದದ್ದು ನಿರಾಕರಣೆಯ ಪತ್ರ, ಪೂರ್ತಿ ಪಾಲಿಸಿ ಮತ್ತು ಡಾಕ್ಟರು ಸರಿಯಾಗಿ ಬರೆದುಕೊಟ್ಟ ಒಂದು ಹಾಳೆ.

ಫೋನಿನಲ್ಲಿ ‘ಆಗಲ್ಲ ಸಾರ್’ ಅಂದದ್ದನ್ನು ಉತ್ತರ ಅಂದುಕೊಳ್ಳಬೇಡಿ. ಯಾವ ಷರತ್ತಿನ ಮೇಲೆ ತಿರಸ್ಕರಿಸಿದ್ದಾರೆ ಅಂತ ಬರಹದಲ್ಲಿ ಕೇಳಿ. ನಿಮ್ಮ ಹತ್ತಿರ ಒಂದೆರಡು ಪುಟದ ಶೆಡ್ಯೂಲ್, ಅಂದರೆ ಪಾಲಿಸಿಯ ಸಾರಾಂಶ, ಮಾತ್ರ ಇದ್ದರೆ ಷರತ್ತುಗಳ ಪ್ರತಿಯನ್ನೂ ತರಿಸಿಕೊಳ್ಳಿ.

ಜನ ಎಡವುವುದು ಪರ್ಸೆಂಟಿನ ಲೆಕ್ಕದಲ್ಲಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ 45% ಇದೆ ಅಂದ ಮಾತ್ರಕ್ಕೆ ವಿಮೆ ಮೊತ್ತದ 45% ಬರುವುದಿಲ್ಲ. ಆ ಕಾರ್ಡು ಸರ್ಕಾರಿ ಸೌಲಭ್ಯಕ್ಕೆ. ವಿಮೆಗೆ ಪಾಲಿಸಿಯದೇ ಪಟ್ಟಿ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಒಂದು ಕಣ್ಣು, ಒಂದು ಕೈ ಅಥವಾ ಒಂದು ಪಾದ ಪೂರ್ತಿ ಹೋದರೆ 1 ಲಕ್ಷ. ಇಂಥವು ಎರಡು ಹೋದರೆ 2 ಲಕ್ಷ. ಬೆರಳು ಹೋದರೆ ಏನೂ ಇಲ್ಲ. ಬೈಕಿನ ಪಾಲಿಸಿಯಲ್ಲಿ ಮಾಲೀಕ-ಚಾಲಕರ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆಯಾ ಅಂತಲೂ ನೋಡಿ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣಿಗೆ ಅದರ ಅರ್ಧ, ಅಂದರೆ ಏಳೂವರೆ ಲಕ್ಷ. ಲೈಸೆನ್ಸ್ ಇರಬೇಕು. ಎಷ್ಟೋ ಮನೆಯಲ್ಲಿ ಈ ಕ್ಲೇಮನ್ನು ಕೇಳುವುದೇ ಇಲ್ಲ.

ಹಾಗಾಗಿ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯಂಥ ಕಡೆ ಸಿಗುವ ವೈಕಲ್ಯದ ಪ್ರಮಾಣಪತ್ರದ ಜೊತೆಗೆ, ಆಪರೇಷನ್ ಮಾಡಿದ ಮೂಳೆ ಡಾಕ್ಟರಿಂದ ಪತ್ರ ಬರೆಸಿಕೊಳ್ಳಿ. ‘ಬಲಗೈ ಮುರಿತ, ವೈಕಲ್ಯ 45%’ ಅಂದರೆ ಸಾಲದು. ಕೈ ಕಾಯಂ ಆಗಿ ಬಳಕೆಗೆ ಬಾರದು, ಸುಧಾರಿಸುವ ಸಂಭವವಿಲ್ಲ, ಅಪಘಾತವೇ ಕಾರಣ ಎಂಬ ಮೂರೂ ಬೇಕು. ಇದ್ದದ್ದನ್ನೇ ಬರೆಸಿ, ಆದರೆ ಪಾಲಿಸಿಯ ಮಾತಿನಲ್ಲಿ ಬರೆಸಿ. ಪ್ರಮಾಣಪತ್ರದಲ್ಲಿ ‘ತಾತ್ಕಾಲಿಕ’ ಅಂತಿದ್ದರೆ ಕಂಪನಿ ಹಿಡಿಯುವುದೇ ಅದನ್ನು. ಬರೀ ತಡವಾಗಿ ತಿಳಿಸಿದಿರಿ ಅಂತ ತಳ್ಳಿಹಾಕಿದ್ದರೆ, ತಡದ ಕಾರಣ ಬರೆದು, ನಿಜವಾದ ಕ್ಲೇಮನ್ನು ವಿಳಂಬವೊಂದರಿಂದಲೇ ನಿರಾಕರಿಸಬಾರದೆಂಬ ವಿಮಾ ನಿಯಂತ್ರಣ ಪ್ರಾಧಿಕಾರದ 2011ರ ಸುತ್ತೋಲೆಯನ್ನು ಉಲ್ಲೇಖಿಸಿ. ಕುಡಿದಿದ್ದರು ಅನ್ನುವುದಾದರೆ, ಅದನ್ನು ಸಾಬೀತು ಮಾಡುವ ಹೊಣೆ ಕಂಪನಿಯದು.

ಇಷ್ಟು ಕೈಯಲ್ಲಿ ಹಿಡಿದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ದೂರಿನ ಜಾಲತಾಣವಾದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನಿಸುವ, ಬೆಂಗಳೂರು ಜೆ.ಪಿ. ನಗರದ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಿ. 50 ಲಕ್ಷದವರೆಗೆ ಪರಿಹಾರ ಕೇಳಬಹುದು, ಶುಲ್ಕವಿಲ್ಲ, ಲಾಯರ್‌ಗೆ ಪ್ರವೇಶವೂ ಇಲ್ಲ. ಕಂಪನಿಯ ಕೊನೆಯ ಉತ್ತರದಿಂದ 1 ವರ್ಷದೊಳಗೆ ಹೋಗಬೇಕು. ಅಲ್ಲಿಯ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಆದರೆ ಅದೇ ವಿಷಯಕ್ಕೆ ಗ್ರಾಹಕರ ಆಯೋಗದಲ್ಲಿ ಕೇಸು ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ದೂರು ತೆಗೆದುಕೊಳ್ಳುವುದಿಲ್ಲ. ‘ಇವತ್ತೇ ಕೇಸ್ ಹಾಕೋಣ’ ಅನ್ನುವವರ ಮಾತು ಕೇಳಿದರೆ ತಪ್ಪಿಹೋಗುವುದು ಈ ದಾರಿ.

ಗ್ರಾಹಕರ ಆಯೋಗ ಎರಡೂ ಜಿಲ್ಲೆಯಲ್ಲಿದೆ. ಹರಿಹರದವರು ದಾವಣಗೆರೆಯಲ್ಲಿ, ಹಿರಿಯೂರಿನವರು ಚಿತ್ರದುರ್ಗದಲ್ಲಿ ದೂರು ಕೊಡಬಹುದು. ಕಂಪನಿಯ ಕಚೇರಿ ಎಲ್ಲಿದ್ದರೂ ಸರಿ. ಗಡುವು 2 ವರ್ಷ. ಕಟ್ಟಿದ ಪ್ರೀಮಿಯಂ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನೀವೇ ವಾದಿಸಬಹುದಾದರೂ, ಅಫಿಡವಿಟ್, ಡಾಕ್ಟರ ಸಾಕ್ಷ್ಯ ಅಂತ ಶುರುವಾದಾಗ ಲಾಯರ್ ಇದ್ದರೆ ಒಳ್ಳೆಯದು. ಅದಕ್ಕೂ ದುಡ್ಡು ಬೇಕಿಲ್ಲ: ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಅಂಗವಿಕಲರಿಗೆ, ಆದಾಯ ಎಷ್ಟಿದ್ದರೂ, ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ವಿಮೆ ಕೇಸು ನಡೆಸಿದವರನ್ನೇ ಕೊಡಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಖಾಸಗಿ ಲಾಯರ್ ಹಿಡಿದರೂ ‘ಬಂದದ್ದರಲ್ಲಿ ಇಷ್ಟು ಪರ್ಸೆಂಟ್’ ಅನ್ನುವ ಕರಾರಿಗೆ ಒಪ್ಪಬೇಡಿ. ಬಾರ್ ಕೌನ್ಸಿಲ್ ನಿಯಮದಲ್ಲೇ ಅದಕ್ಕೆ ಅವಕಾಶವಿಲ್ಲ.