ಪವರ್ ಇರೋ ಮಾತ್ರೆ ಕೇಳುವವರಿಗೆ

ತೀರ್ಥಹಳ್ಳಿ ಪೇಟೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಮಳೆ ಹಿಡಿದರೆ ಸಾಕು, ಕೌಂಟರ್ ಮುಂದೆ ಬಂದವರದೆಲ್ಲ ಒಂದೇ ಮಾತು: "ಜ್ವರಕ್ಕೆ ಏನಾದ್ರೂ ಕೊಡಿ, ಸ್ವಲ್ಪ ಪವರ್ ಇರೋದೇ ಕೊಡಿ." ನಾನು ಮೊದಲು ಕೇಳೋದು ಬೇರೆ. ಹದಿನೈದು ದಿನದಿಂದ ಎಲ್ಲೆಲ್ಲಿ ಓಡಾಡಿದ್ರಿ, ಏನು ಕೆಲಸ ಮಾಡಿದ್ರಿ?

"ಅದೆಲ್ಲ ಕಟ್ಕೊಂಡು ನಿಮಗೇನು ಮಾರಾಯ್ರೆ" ಅಂತ ರೇಗಿದವರೂ ಇದ್ದಾರೆ. ಆದರೆ ನಮ್ಮ ಕಡೆ ಜ್ವರದ ಗುಟ್ಟು ಅರ್ಧ ಅಲ್ಲೇ ಇರುತ್ತದೆ. ಬೆಟ್ಟಕ್ಕೆ ಹೋದವರಿಗೆ ಬರುವ ಜ್ವರ ಬೇರೆ, ಗದ್ದೆಗೆ ಇಳಿದವರದು ಬೇರೆ, ಮನೆ ಬಿಟ್ಟು ಕದಲದ ಅಜ್ಜಿಯದು ಇನ್ನೊಂದು.

ಬೆಟ್ಟದ ಜ್ವರ ಅಂದರೆ ಮಂಗನ ಕಾಯಿಲೆ. ಇದರ ಹುಟ್ಟೂರೇ ನಮ್ಮ ಶಿವಮೊಗ್ಗ ಜಿಲ್ಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಸತ್ತುಬಿದ್ದ ಮಂಗಗಳಿಂದ ಪತ್ತೆಯಾಯಿತು. ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ಇವತ್ತಿಗೂ ಆ ಕಾಡಿನ ಹೆಸರೇ ಇದೆ. (ಬೇಡದ ಕೀರ್ತಿ, ಅಲ್ವಾ?) ಮಂಗ ಕಚ್ಚಿ ಬರೋದಲ್ಲ ಇದು, ಮನುಷ್ಯರಿಂದ ಮನುಷ್ಯರಿಗೂ ಹರಡೋದಿಲ್ಲ. ಹರಡೋದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳ. ಅದರಲ್ಲೂ ಎಳ್ಳಿನಷ್ಟು ಚಿಕ್ಕ ಮರಿ ಉಣುಗು. ಕಚ್ಚಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗೋದಿಲ್ಲ. ಡಿಸೆಂಬರ್‌ನಿಂದ ಮೇ ತನಕ ಇದರ ಕಾಲ. ಕೊಟ್ಟಿಗೆಗೆ ದರಗು (ಒಣಗಿ ಉದುರಿದ ಎಲೆ) ಗುಡಿಸಿ ತರೋದೂ, ಸೌದೆ ಮಾಡೋದೂ ಸರಿಯಾಗಿ ಅದೇ ತಿಂಗಳುಗಳಲ್ಲಿ.

ಹಳೇ ಲಸಿಕೆ 2022ರಲ್ಲಿ ನಿಂತುಹೋಯಿತು. ಈ ವೈರಸ್ಸನ್ನೇ ಕೊಲ್ಲುವ ಔಷಧಿಯೂ ಇಲ್ಲ. ಹಾಗಾಗಿ ಉಳಿದಿರೋದು ಉಣುಗು ಮೈಗೆ ಹತ್ತದ ಹಾಗೆ ನೋಡಿಕೊಳ್ಳೋದು. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಿ. ಬಾಟಲಿಯನ್ನು ದೇವರ ಗೂಡಿನ ಪಕ್ಕ ಜೋಪಾನವಾಗಿ ಇಟ್ಟರೆ ಉಣುಗಿಗೇನು ಭಯ? ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಚ್ಚಿಕೊಂಡ ಉಣುಗಿಗೆ ಬೀಡಿ ಬೆಂಕಿ ಮುಟ್ಟಿಸೋದು, ಸೀಮೆಎಣ್ಣೆ ಬಿಡೋದು ಬೇಡ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಮಂಗವೋ, ಕಪ್ಪು ಮುಖದ ಮುಸಿಯವೋ ಸತ್ತುಬಿದ್ದಿದ್ದು ಕಂಡರೆ ಹತ್ತಿರ ಹೋಗಬೇಡಿ, ಆಶಾ ಕಾರ್ಯಕರ್ತೆಗೆ ಹೇಳಿ. ಸತ್ತ ಮಂಗನ ಮೈಯಿಂದ ಉಣುಗು ಇಳಿದು ಸುತ್ತಮುತ್ತ ಹರಡಿರುತ್ತದೆ.

ಮಳೆಗಾಲಕ್ಕೆ ಇಲಿ ಜ್ವರ. ಇಲಿ, ಹೆಗ್ಗಣ, ದನಗಳ ಮೂತ್ರದಲ್ಲಿ ಬರುವ ಬ್ಯಾಕ್ಟೀರಿಯಾ ಗದ್ದೆ ನೀರಿಗೆ, ತೋಟದ ಬಸಿಗಾಲುವೆಗೆ ಸೇರಿರುತ್ತದೆ. ನಮ್ಮ ಜನರ ಕಾಲು ನೋಡಿದ್ದೀರಲ್ಲ. ಉಂಬಳ (ಜಿಗಣೆ) ಕಚ್ಚಿದ್ದು, ಮುಳ್ಳು ಗೀರಿದ್ದು, ಬೆರಳ ಸಂದಿ ಕೆಸರು ಹುಣ್ಣು. ಬ್ಯಾಕ್ಟೀರಿಯಾ ಒಳಗೆ ಹೋಗಲು ಅಷ್ಟು ದಾರಿ ಸಾಕು. ಜ್ವರ, ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ನೋವು. ಆಮೇಲೆ ಕೆಲವರಿಗೆ ಕಣ್ಣು ಹಳದಿ. ಇಲ್ಲಿ ಎಡವಟ್ಟಾಗುತ್ತದೆ. ಹಳದಿ ಕಂಡ ಕೂಡಲೇ ಕಾಮಾಲೆ ಅಂತ ಸೊಪ್ಪಿನ ಔಷಧಿಗೆ ಹೋಗಿ, ಪಥ್ಯ ಹಿಡಿದು ಕೂತುಬಿಡುತ್ತಾರೆ. ಬೇಗ ಗೊತ್ತಾದರೆ ಇಲಿ ಜ್ವರ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ. ತಡವಾದರೆ ಕಿಡ್ನಿಗೇ ಪೆಟ್ಟು. ಗಮ್ ಬೂಟು ಹಾಕಿದರೆ ನಡೆಯೋದು ಕಷ್ಟ ಅನ್ನೋದು ನನಗೂ ಗೊತ್ತು. ಆದರೂ ಹಾಕಿ.

ಇನ್ನು ಮನೆಯಲ್ಲೇ ಇರುವ ಅಜ್ಜಿಗೆ ಡೆಂಗಿ ಎಲ್ಲಿಂದ ಬಂತು? ಆ ಸೊಳ್ಳೆ ಹಗಲು ಕಚ್ಚುತ್ತದೆ, ನಿಂತ ನೀರಲ್ಲಿ ಹುಟ್ಟುತ್ತದೆ. ಪೇಟೆಯವರು ಟೈರು, ಹೂಕುಂಡ ಅನ್ನುತ್ತಾರೆ. ನಮ್ಮಲ್ಲಿ ಅಡಿಕೆ ಹಾಳೆ! ಮರದಿಂದ ಬಿದ್ದ ಹಾಳೆಯಲ್ಲಿ ಒಂದು ಮಳೆಗೆ ಬೇಕಾದಷ್ಟು ನೀರು ನಿಲ್ಲುತ್ತದೆ. ಒಂದು ವಾರ, ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಹಾಳೆಯನ್ನು ಆರಿಸಿ ಒಳಗಿಡಿ, ಅದಾಗದಿದ್ದರೆ ವಾರಕ್ಕೊಮ್ಮೆ ಮಗುಚಿ ಹಾಕಿ. ಫಾಗಿಂಗ್ ಮಾಡಿಸಿ ಅಂತ ಪಂಚಾಯ್ತಿಗೆ ಅರ್ಜಿ ಕೊಡುವಷ್ಟು ಹೊತ್ತಲ್ಲಿ ಅರ್ಧ ತೋಟದ ಹಾಳೆ ಮಗುಚಬಹುದು.

ಡೆಂಗಿಯಲ್ಲಿ ಜನ ಮೋಸ ಹೋಗೋದು ಜ್ವರ ಬಿಟ್ಟ ದಿನ. ಮೈ ತಣ್ಣಗಾಯಿತು ಅಂತ ತೋಟಕ್ಕೆ ಹೊರಡುತ್ತಾರೆ. ಕೆಲವರಿಗೆ ಅಪಾಯ ಶುರುವಾಗೋದೇ ಆಗ. ಹೊಟ್ಟೆನೋವು, ಬಿಡದ ವಾಂತಿ, ವಸಡಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಸೀದಾ ಆಸ್ಪತ್ರೆಗೆ ಹೋಗಬೇಕು.

"ಮೈಕೈ ನೋವಿಗೆ ಒಂದು ಸ್ಟ್ರಾಂಗ್ ಮಾತ್ರೆ" ಕೇಳಿದಾಗ ನಾನು ಕೊಡದಿರೋದಕ್ಕೂ ಇದೇ ಕಾರಣ. ಡೆಂಗಿಯೋ ಮಂಗನ ಕಾಯಿಲೆಯೋ ಇದ್ದಾಗ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ತರಹದವು ರಕ್ತಸ್ರಾವ ಜಾಸ್ತಿ ಮಾಡಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ಅಳತೆಯಲ್ಲಿ. ಆಂಟಿಬಯೋಟಿಕ್ ವೈರಸ್ಸನ್ನು ಏನೂ ಮಾಡೋದಿಲ್ಲ. ಹೋದ ವರ್ಷದ ಚೀಟಿ ತಂದು "ಇದನ್ನೇ ಎರಡು ದಿನಕ್ಕೆ ಕೊಡಿ" ಅಂದರೆ ನಾನು ಕೊಡೋದಿಲ್ಲ. ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ಹೋಗಲಿ.

ಬಾವಿ ನೀರು ಕುದಿಸೋದು, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯೋದು ನಿಮಗೆ ಗೊತ್ತಿದೆ. ಮಳೆಗಾಲದಲ್ಲಿ ಬಾವಿ ನೀರು ತಿಳಿಯಾಗಿ ಕಂಡರೂ ಕುದಿಸಿ, ಅಷ್ಟೇ.

ಡಾಕ್ಟರ ಹತ್ತಿರ ಹೋದಾಗ ಅವರು ಕೇಳದಿದ್ದರೂ ನೀವೇ ಹೇಳಿ: ಬೆಟ್ಟಕ್ಕೆ ಹೋಗಿದ್ದೆ, ಗದ್ದೆಗೆ ಇಳಿದಿದ್ದೆ, ಮನೆ ಹತ್ತಿರ ಮಂಗ ಸತ್ತಿತ್ತು. ಯಾವ ರಕ್ತ ಪರೀಕ್ಷೆ ಮಾಡಿಸಬೇಕು ಅಂತ ಅವರು ನಿರ್ಧರಿಸೋಕೆ ಆ ಒಂದು ಮಾತು ಬೇಕು. ಜ್ವರ ಶುರುವಾದ ತಾರೀಕನ್ನೂ ಬರೆದಿಟ್ಟುಕೊಂಡು ಹೋಗಿ. "ಮೊನ್ನೆ ಮೊನ್ನೆಯಿಂದ" ಅಂದರೆ ಅವರಿಗೆ ಲೆಕ್ಕ ಸಿಗೋದಿಲ್ಲ.