ಪೆರ್ಲದವರು ಅಜಾನೂರಿಗೆ ಹೋದದ್ದು ಹೇಗೆ

"ಎಂತ ಮಾರಾಯ್ರೆ ಇದು? ಪೆರ್ಲದವರನ್ನೆಲ್ಲ ಅಜಾನೂರಿಗೆ ಕಳಿಸಿದ್ದೀರಲ್ಲ!"

ಜೋರು ಮಳೆಯ ಒಂದು ಬೆಳಗ್ಗೆ ಬಂದ ಫೋನ್ ಅದು. ಕಾಸರಗೋಡಿನ ಒಂದು ಸಣ್ಣ ಆಫೀಸಿನಲ್ಲಿ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಒಂದು ಸಹಕಾರಿ ಸಂಘಕ್ಕೆ ಸದಸ್ಯತ್ವದ ಅರ್ಜಿಯನ್ನು ವೆಬ್‌ನಲ್ಲಿ ಮಾಡಿಕೊಟ್ಟಿದ್ದೆವು. ಫೋನ್ ಮಾಡಿದ್ದು ಅಲ್ಲಿ ಅರ್ಜಿ ತುಂಬಿಸುವ ಅಕ್ಕ. ಪೆರ್ಲ ಇರುವುದು ಮಂಜೇಶ್ವರ ತಾಲೂಕಿನ ಎಣ್ಮಕಜೆ ಪಂಚಾಯತಿನಲ್ಲಿ, ಕರ್ನಾಟಕದ ಗಡಿಯ ಹತ್ತಿರ. ಅಜಾನೂರು ಕಾಞಂಗಾಡಿನ ಪಕ್ಕ. ಅಡಿಕೆ ತೋಟದ ಯಜಮಾನರೊಬ್ಬರು ಕಂಪ್ಯೂಟರಿನಲ್ಲಿ ರಾತ್ರೋರಾತ್ರಿ ಕಡಲ ತೀರಕ್ಕೆ ಮನೆ ಬದಲಿಸಿದ್ದರು.

ಅರ್ಜಿಯಲ್ಲಿ ಮೂರು ಡ್ರಾಪ್‌ಡೌನ್, ಅಂದರೆ ಒತ್ತಿದರೆ ಕೆಳಗೆ ತೆರೆಯುವ ಆಯ್ಕೆಪಟ್ಟಿ, ಇದ್ದವು. ತಾಲೂಕು ಆರಿಸಿದರೆ ಆ ತಾಲೂಕಿನ ಪಂಚಾಯತ್‌ಗಳು ಮಾತ್ರ ಎರಡನೆಯದರಲ್ಲಿ ಬರಬೇಕು. ಪಂಚಾಯತ್ ಆರಿಸಿದರೆ ಮೂರನೆಯದರಲ್ಲಿ ವಾರ್ಡ್‌ಗಳು. ತಾಲೂಕು ಬದಲಾದ ಕೂಡಲೇ ಬ್ರೌಸರ್ ನಮ್ಮ ಸರ್ವರಿಗೆ ತಾಲೂಕಿನ ಐಡಿ (ಗುರುತಿನ ಸಂಖ್ಯೆ) ಕಳಿಸುತ್ತದೆ. ಸರ್ವರ್ ಪಟ್ಟಿಯನ್ನು ಜೇಸನ್ ಎಂಬ, ಪ್ರೋಗ್ರಾಮಿಗೆ ಓದಲು ಸುಲಭವಾದ ರೂಪದಲ್ಲಿ ವಾಪಸ್ ಕೊಡುತ್ತದೆ. ಹಳೆಯ ಪಟ್ಟಿ ಅಳಿಸಿ ಹೊಸದನ್ನು ಹಾಕುವುದು, ಅಷ್ಟೇ. ಇಂಥದ್ದನ್ನು ಹತ್ತು ಸಲ ಮಾಡಿದ್ದೆ. ಅದಕ್ಕೇ ಇರಬೇಕು, ಸರಿಯಾಗಿ ನೋಡಲೇ ಇಲ್ಲ.

ಮೊದಲು ಅಕ್ಕನ ಮೇಲೆಯೇ ಅನುಮಾನ ಬಂತು. ಅವಸರದಲ್ಲಿ ತಪ್ಪು ಒತ್ತಿರಬಹುದು ಅಂದುಕೊಂಡೆ. ಆದರೆ ಅಜಾನೂರು ಹೊಸದುರ್ಗ ತಾಲೂಕಿನದ್ದು. ಅರ್ಜಿಯಲ್ಲಿ ತಾಲೂಕು ಮಂಜೇಶ್ವರ ಅಂತಲೇ ಇದೆ. ಮಂಜೇಶ್ವರ ಆರಿಸಿದ ಮೇಲೆ ಅಜಾನೂರು ಪಟ್ಟಿಯಲ್ಲೇ ಇರಬಾರದು. ಇಲ್ಲದ್ದನ್ನು ಅಕ್ಕ ಒತ್ತುವುದಾದರೂ ಹೇಗೆ?

ಅರ್ಜಿಯ ತಾಲೂಕಿಗೂ ಪಂಚಾಯತಿನ ತಾಲೂಕಿಗೂ ತಾಳೆಯಾಗದ್ದನ್ನೆಲ್ಲ ಡೇಟಾಬೇಸಿನಿಂದ ಹುಡುಕಿ ತೆಗೆದೆ. 23 ಅರ್ಜಿ ಸಿಕ್ಕವು. ಅವುಗಳಲ್ಲಿ ಕಾಸರಗೋಡು ತಾಲೂಕಿನದ್ದು ಒಂದೂ ಇಲ್ಲ. ಹೊಸದುರ್ಗದ್ದು ಎರಡೇ ಎರಡು. ಮಂಜೇಶ್ವರದ್ದು 14, ವೆಳ್ಳರಿಕುಂಡಿನದ್ದು 7. ನಮ್ಮ ಡ್ರಾಪ್‌ಡೌನಿನಲ್ಲಿ ತಾಲೂಕುಗಳು ಇದ್ದದ್ದೂ ಇದೇ ಸಾಲಿನಲ್ಲಿ. 1984ರಲ್ಲಿ ಜಿಲ್ಲೆಯಾದಾಗ ಇದ್ದದ್ದು ಕಾಸರಗೋಡು, ಹೊಸದುರ್ಗ ಎರಡೇ. ಉಳಿದೆರಡು 2014ರಲ್ಲಿ ಬಂದವು. ನಮ್ಮ ಟೇಬಲ್ಲೂ ಹಾಗೇ, ಹೊಸತೆರಡು ಕೆಳಗೆ. ಮೇಲಿನ ತಾಲೂಕಿಗೆ ತಪ್ಪೇ ಇಲ್ಲ, ಕೆಳಗಿನವಕ್ಕೆ ಜಾಸ್ತಿ. ಯಾಕೆ?

ಆಫೀಸಿನಲ್ಲಿ ಕೂತು ಎಷ್ಟು ಸಲ ತುಂಬಿಸಿದರೂ ತಪ್ಪು ಬರಲಿಲ್ಲ. ಕೊನೆಗೆ ಬೈಕ್ ಹತ್ತಿ ಸಂಘಕ್ಕೇ ಹೋದೆ. ಅಕ್ಕನ ಪಕ್ಕ ಸ್ಟೂಲ್ ಹಾಕಿ ಕೂತೆ. ಹತ್ತು ನಿಮಿಷದಲ್ಲಿ ಗೊತ್ತಾಯಿತು: ಅಕ್ಕ ಮೌಸ್ ಮುಟ್ಟುವುದೇ ಇಲ್ಲ. ಟ್ಯಾಬ್ ಒತ್ತಿ ತಾಲೂಕಿಗೆ ಬರುತ್ತಾರೆ, ಕೆಳಗಿನ ಬಾಣದ ಕೀಲಿಯನ್ನು ಟಕಟಕ ಮೂರು ಸಲ ಒತ್ತಿ ಮಂಜೇಶ್ವರಕ್ಕೆ ಇಳಿಯುತ್ತಾರೆ. ವಿಂಡೋಸ್ ಕಂಪ್ಯೂಟರಿನ ಕ್ರೋಮ್‌ನಲ್ಲಿ ಪಟ್ಟಿ ತೆರೆಯದೆ ಹೀಗೆ ಬಾಣ ಒತ್ತಿದರೆ, ಪ್ರತಿ ಒತ್ತಿಗೂ ಆಯ್ಕೆ ಬದಲಾಯಿತು ಅಂತಲೇ ಲೆಕ್ಕ. ಅಂದರೆ ಮಂಜೇಶ್ವರ ತಲುಪುವಷ್ಟರಲ್ಲಿ ಸರ್ವರಿಗೆ ಮೂರು ಕೋರಿಕೆ ಹೋಗಿರುತ್ತದೆ. ಕಾಸರಗೋಡಿನದ್ದು, ಹೊಸದುರ್ಗದ್ದು, ಆಮೇಲೆ ಮಂಜೇಶ್ವರದ್ದು.

ಕಳಿಸಿದ ಸಾಲಿನಲ್ಲೇ ಉತ್ತರವೂ ಬರಬೇಕು ಅಂತ ಏನೂ ಇಲ್ಲ. ಆ ಸಂಘದ ಇಂಟರ್ನೆಟ್ ನಡೆಯುವುದು ಮೊಬೈಲ್ ಹಾಟ್‌ಸ್ಪಾಟಿನಲ್ಲಿ, ಮಳೆ ಬಂದರೆ ಅದೂ ತೂಕಡಿಸುತ್ತದೆ. ಮಂಜೇಶ್ವರದ ಪಟ್ಟಿ ಮೊದಲು ಬಂತು. ಅಕ್ಕ ಎಣ್ಮಕಜೆ ಆರಿಸಿ ಮನೆ ಹೆಸರು ಟೈಪ್ ಮಾಡಲು ಮುಂದೆ ಹೋದರು. ಆಗ ಹೊಸದುರ್ಗದ ಪಟ್ಟಿ ತಡವಾಗಿ ಬಂದು ಇದ್ದದ್ದನ್ನು ಅಳಿಸಿ ತಾನು ಕೂತಿತು. ಪಟ್ಟಿಯ ತಲೆಯಲ್ಲಿ ನಾನು ಖಾಲಿ ಆಯ್ಕೆಯೊಂದನ್ನು ಇಟ್ಟಿರಲಿಲ್ಲ. ಹಾಗಾಗಿ ಬ್ರೌಸರ್ ಮೊದಲ ಹೆಸರನ್ನು ತಾನೇ ಹಿಡಿದುಕೊಂಡಿತು. ಅಕಾರಾದಿಯಲ್ಲಿ ಮೊದಲು ಬರುವುದು ಅಜಾನೂರು!

ಕೈಯಲ್ಲಿ ಕಾಗದದ ಅರ್ಜಿ ಹಿಡಿದು ಅದನ್ನೇ ನೋಡುತ್ತಾ ಟೈಪ್ ಮಾಡುವವರಿಗೆ ಇದು ಕಾಣುವುದೇ ಇಲ್ಲ. ಅಕ್ಕನ ಮೇಲೆ ಅನುಮಾನ ಪಟ್ಟದ್ದಕ್ಕೆ ಅವತ್ತು ಅವಲಕ್ಕಿ, ಚಹಾದ ಬಿಲ್ಲು ನಾನೇ ಕೊಟ್ಟೆ.

ಆಫೀಸಿಗೆ ಬಂದು ಸರ್ವರಿನಲ್ಲಿ ಹೊಸದುರ್ಗಕ್ಕೆ ಮಾತ್ರ ಬೇಕೆಂದೇ ಮೂರು ಸೆಕೆಂಡಿನ ತಡೆ ಹಾಕಿದೆ. ತಪ್ಪು ಕಣ್ಣೆದುರೇ ಕುಣಿಯಿತು. ತಾಲೂಕು ಬದಲಾದ ತಕ್ಷಣ ಪಂಚಾಯತ್, ವಾರ್ಡ್ ಎರಡನ್ನೂ ಖಾಲಿ ಮಾಡಿ, ಪಟ್ಟಿ ಬರುವವರೆಗೆ ಮುಟ್ಟಲಾಗದಂತೆ ಮಾಡಿದೆ. ಉತ್ತರ ಬಂದಾಗ, ಅದು ಈಗ ಆಯ್ಕೆಯಲ್ಲಿರುವ ತಾಲೂಕಿನದ್ದೇ ಅಂತ ನೋಡಿ, ಅಲ್ಲದಿದ್ದರೆ ಎಸೆಯುವ ಒಂದು ಸಾಲು ಸೇರಿಸಿದೆ. ಹಳೆಯ ಕೋರಿಕೆಯನ್ನು ಅಬಾರ್ಟ್‌ಕಂಟ್ರೋಲರ್ ಎಂಬ, ಕೋರಿಕೆಯನ್ನು ಅರ್ಧದಲ್ಲೇ ರದ್ದು ಮಾಡುವ ಬ್ರೌಸರಿನ ಸೌಲಭ್ಯದಿಂದ ನಿಲ್ಲಿಸಿದೆ. ಇಲ್ಲೂ ಒಂದು ಎಡವಟ್ಟಾಯಿತು. ನಿಲ್ಲಿಸಿದ ಕೋರಿಕೆ ಒಂದು ಎರರ್ ಎಸೆಯುತ್ತದೆ. ನನ್ನ ಕೋಡ್ ಅದನ್ನು ಹಿಡಿದು "ಪಟ್ಟಿ ಸಿಗಲಿಲ್ಲ" ಅಂತ ಕೆಂಪಕ್ಷರದಲ್ಲಿ ತೋರಿಸಿ, ಅಕ್ಕನನ್ನು ಇನ್ನೊಂದು ಸಲ ಹೆದರಿಸಿತು.

ನನಗೆ ಜಾಸ್ತಿ ನಾಚಿಕೆಯಾದದ್ದು ಸರ್ವರಿನ ವಿಷಯದಲ್ಲಿ. ಮಂಜೇಶ್ವರದ ಅರ್ಜಿಯಲ್ಲಿ ಅಜಾನೂರು ಬಂದಾಗ ಅದು ತೆಪ್ಪಗೆ ಒಳಗೆ ಹಾಕಿಕೊಂಡಿತ್ತಲ್ಲ? ಪಂಚಾಯತ್ ಈ ತಾಲೂಕಿನದ್ದಾ ಅಂತ ಒಂದು ಮಾತು ಕೇಳಿದ್ದರೆ 23 ಅರ್ಜಿಗಳೂ ಬಾಗಿಲಲ್ಲೇ ನಿಲ್ಲುತ್ತಿದ್ದವು. ಈಗ ಕೇಳುತ್ತದೆ.

ಆಮೇಲೆ ತಲೆಗೆ ಹೊಳೆದದ್ದು ಇನ್ನೊಂದು. ಇಡೀ ಜಿಲ್ಲೆಯಲ್ಲಿ ಪಂಚಾಯತ್ 38, ನಗರಸಭೆ 3. ಒಟ್ಟು 41 ಹೆಸರು. ಇಷ್ಟಕ್ಕೆ ಸರ್ವರಿಗೆ ಓಡುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಲ್ವಾ? ಪುಟದ ಜೊತೆಗೇ 41 ಹೆಸರನ್ನೂ ಕಳಿಸಿಬಿಟ್ಟೆ. ತಾಲೂಕು ಬದಲಾದರೆ ಅಲ್ಲೇ ಸೋಸುವುದು. ಕಾಯುವ ಮಾತೇ ಇಲ್ಲ, ತಡವಾಗಿ ಬರುವ ಉತ್ತರವೂ ಇಲ್ಲ. ವಾರ್ಡ್‌ಗಳು ತುಂಬಾ ಇರುವುದರಿಂದ ಅವನ್ನು ಮಾತ್ರ ಈಗಲೂ ಸರ್ವರಿನಿಂದಲೇ ತರುತ್ತೇನೆ, ಆ ಒಂದು ಸಾಲಿನ ಕಾವಲಿನೊಂದಿಗೆ.

ಹೆಸರಿನ ಬದಲು ಐಡಿ ಉಳಿಸಿದ್ದೊಂದು ಮೊದಲಿಂದಲೂ ಸರಿ ಇತ್ತು. ನಮ್ಮಲ್ಲಿ ಒಂದೇ ಊರಿಗೆ ಕನ್ನಡದಲ್ಲೊಂದು ಹೆಸರು, ಮಲಯಾಳದಲ್ಲೊಂದು. ನಮಗೆ ಕುಂಬಳೆ, ಅವರಿಗೆ ಕುಂಬಳ. ತಾಲೂಕಿನ ಜಾಗದಲ್ಲಿ ಬ್ಲಾಕ್ (ಕೆಲವು ಪಂಚಾಯತ್‌ಗಳನ್ನು ಸೇರಿಸಿದ ಇನ್ನೊಂದು ವಿಭಾಗ) ಹಾಕೋಣ ಅಂತ ಸಂಘದವರು ಒಮ್ಮೆ ಹೇಳಿದ್ದರು. ಅದೂ ಬೇಡ ಅಂದೆ. ಕುಂಬಳೆ ತಾಲೂಕಿನ ಲೆಕ್ಕದಲ್ಲಿ ಮಂಜೇಶ್ವರಕ್ಕೆ, ಬ್ಲಾಕಿನ ಲೆಕ್ಕದಲ್ಲಿ ಕಾಸರಗೋಡಿಗೆ. ಎರಡನ್ನೂ ಒಂದೇ ಮರದ ಕೊಂಬೆ ಅಂದುಕೊಂಡರೆ ಇನ್ನೊಂದು ಫೋನ್ ಗ್ಯಾರಂಟಿ.

23 ಅರ್ಜಿಗಳ ಸರಿಯಾದ ಪಂಚಾಯತ್ ಡೇಟಾಬೇಸಿನಲ್ಲಿ ಎಲ್ಲೂ ಉಳಿದಿರಲಿಲ್ಲ. ಕಪಾಟಿನಿಂದ ಕಾಗದದ ಅರ್ಜಿಗಳನ್ನು ತೆಗೆದು, ಅಕ್ಕ ಓದಿದರು, ನಾನು ತಿದ್ದಿದೆ. ಮುಗಿದ ಮೇಲೆ ಅಕ್ಕ ಕೇಳಿದ್ದು ಒಂದೇ: "ನಮ್ಮ ಸದಸ್ಯರು ಜಾಸ್ತಿ ಮಂಜೇಶ್ವರದವರೇ. ಅದನ್ನು ಮೇಲೆ ಹಾಕಿ ಮಾರಾಯ್ರೆ, ಒಂದೇ ಸಲ ಒತ್ತಿದರೆ ಸಾಕಾಗುವ ಹಾಗೆ." ಅದು ಅರ್ಧ ನಿಮಿಷದ ಕೆಲಸ. ಅಲ್ಲೇ ಕೂತು ಮಾಡಿಕೊಟ್ಟೆ.